ಕಪ್ಪು ತಲೆ ಹುಳಕ್ಕೆ ಮದ್ದು ಕೇಳುವ ಮೊದಲು, ಪತಂಗ ಯಾವಾಗ ಹಾರಿತು ಅಂತ ಕೇಳಿ

ತೆಂಗಿನಕಾಯಿಗೆ 2025ರಲ್ಲಿ ಬಂದಂಥ ರೇಟು ಬರುತ್ತದೆ ಅಂತ ಅದಕ್ಕೆ ನಾಲ್ಕು ವರ್ಷ ಮೊದಲು ಯಾರಾದರೂ ಹೇಳಿದ್ದರೆ ಕಾಸರಗೋಡಿನ ಕೃಷಿಕರು ನಕ್ಕುಬಿಡುತ್ತಿದ್ದರು. 2025ರ ಹಂಗಾಮಿಗೆ ಕೇಂದ್ರ ಸರಕಾರ ಉಂಡೆ ಕೊಬ್ಬರಿಗೆ ಇಟ್ಟ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಅದೇ ವರ್ಷ ತಿಪಟೂರಿನ ಮಾರುಕಟ್ಟೆಯಲ್ಲಿ ಅದು ಇದರ ಎರಡು ಪಟ್ಟಿಗಿಂತ ಜಾಸ್ತಿಗೆ ಮಾರಾಟವಾಯಿತು. ಕೇರಳದಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿತು. ಓಣಂ ಹತ್ತಿರ ಬರುವಾಗ ಪೇಪರಿನವರು ಚಿನ್ನದ ರೇಟು ಬರೆಯುವ ಉತ್ಸಾಹದಲ್ಲಿ ಎಣ್ಣೆ ರೇಟು ಬರೆದರು.

ರೇಟು ಏರಿದ್ದು ಸುಮ್ನೆ ಅಲ್ಲ. ಕಾಯಿಯೇ ಕಡಿಮೆ ಇತ್ತು. 2023ರ ಬರ ಒಂದು ಕಾರಣ, ಬಿಳಿ ನೊಣ ಇನ್ನೊಂದು. ತುಮಕೂರು, ಹಾಸನ, ಮಂಡ್ಯದ ಕಡೆ ಕೇಳಿದರೆ ಎಲ್ಲರೂ ಹೇಳುವ ಮೂರನೆಯ ಕಾರಣ ತೆಂಗಿನ ಗರಿ ತಿನ್ನುವ ಕಪ್ಪು ತಲೆ ಹುಳು. ಇದು ನಮಗೆ ಹೊಸದಲ್ಲ. ಮಲಯಾಳದಲ್ಲಿ ತೆಂಙೋಲಪ್ಪುಳು ಅಂದರೆ ಇಲ್ಲಿನ ಹಳಬರಿಗೆಲ್ಲ ಗೊತ್ತು. ಡಿಸೆಂಬರ್ ಕಳೆದು ಸೆಕೆ ಶುರುವಾಗುವಾಗ ಕೆಳಗಿನ ಮಡಲು ಕಂದು ತಿರುಗುತ್ತದೆ, ಏಪ್ರಿಲ್ ಬರುವಾಗ ಮರದ ತುದಿಯಲ್ಲಿ ನಾಲ್ಕು ಹಸಿರು ಮಡಲು ಬಿಟ್ಟರೆ ಉಳಿದದ್ದೆಲ್ಲ ಸುಟ್ಟ ಬಣ್ಣ. ಆಗ ಮದ್ದಿನ ಅಂಗಡಿಗೆ ಹೋಗಿ ಮೊಬೈಲಿನಲ್ಲಿ ಫೋಟೋ ತೋರಿಸಿ, "ಇದಕ್ಕೆ ಯಾವುದು ಹೊಡೆಯುವುದು?" ಅಂತ ಕೇಳುತ್ತಾರೆ.

ಆ ಪ್ರಶ್ನೆಯೇ ತಡವಾಗಿ ಬಂದದ್ದು. ಮಡಲು ಸುಟ್ಟಿದೆ ಅಂದರೆ ಹುಳು ತಿಂದು ಮುಗಿಸಿದೆ ಎಂದರ್ಥ. ಅಷ್ಟರಲ್ಲಿ ಅದು ಕೋಶ ಕಟ್ಟಿರಬಹುದು, ಪತಂಗವಾಗಿ ಹಾರಿಯೂ ಹೋಗಿರಬಹುದು. ಖಾಲಿ ಮನೆಗೆ ಕಲ್ಲು ಹೊಡೆದು ಏನು ಪ್ರಯೋಜನ? ಈ ಕೀಟದ ವಿಷಯದಲ್ಲಿ ಯಾವ ಮದ್ದು, ಎಷ್ಟು ಮದ್ದು ಎನ್ನುವುದಕ್ಕಿಂತ ಯಾವ ವಾರ ಎನ್ನುವುದು ದೊಡ್ಡದು. ಆ ವಾರ ಯಾವುದು ಅಂತ ತಿಳಿಯಬೇಕಾದರೆ ನಾವು ಯಾರೂ ನೋಡದ ಒಂದು ಸಣ್ಣ ಪತಂಗವನ್ನು ನೋಡಬೇಕು.

ಹುಳು ಎಲ್ಲರಿಗೂ ಗೊತ್ತು, ಪತಂಗ ಯಾರಿಗೂ ಗೊತ್ತಿಲ್ಲ. ತೋಟದಲ್ಲೇ ಹುಟ್ಟಿ ಬೆಳೆದವರನ್ನು ಕೇಳಿ ನೋಡಿ, ನೂರರಲ್ಲಿ ಒಬ್ಬರು ನೋಡಿದ್ದರೆ ಹೆಚ್ಚು. ಅದರಲ್ಲಿ ಆಶ್ಚರ್ಯ ಏನಿಲ್ಲ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಮಡಚಿ ಕೂತರೆ ಅದೂ ಇಲ್ಲ. ಬೂದಿ ಬಣ್ಣ, ಅಲ್ಲಲ್ಲಿ ಕಂಡೂ ಕಾಣದ ಕಪ್ಪು ಚುಕ್ಕಿ. ಹಿಂದಿನ ರೆಕ್ಕೆಯ ಅಂಚಿಗೆ ನವಿರಾದ ಕೂದಲಿನ ಝಾಲರು. ಗಂಡು ಹೆಣ್ಣಿಗಿಂತ ತೆಳ್ಳಗೆ. ಹಗಲಲ್ಲಿ ಒಣ ಗರಿಗೆ ಅಂಟಿಕೊಂಡು ಕೂತಿರುತ್ತದೆ, ಒಣ ಗರಿಯದ್ದೇ ಬಣ್ಣ. ಬದುಕುವುದು ಹೆಚ್ಚೆಂದರೆ ಒಂದು ವಾರ. ಈ ಒಂದು ವಾರದಲ್ಲಿ ಹೆಣ್ಣು ನೂರಕ್ಕಿಂತ ಜಾಸ್ತಿ ಮೊಟ್ಟೆ ಇಡುತ್ತದೆ.

ಇದರ ವೈಜ್ಞಾನಿಕ ಹೆಸರು ಒಪಿಸಿನಾ ಅರೆನೊಸೆಲ್ಲ. ವಾಕರ್ ಎಂಬ ಬ್ರಿಟಿಷ್ ಕೀಟಶಾಸ್ತ್ರಜ್ಞ 1864ರಲ್ಲಿ ಸಿಲೋನಿನ ಮಾದರಿ ನೋಡಿ ಇಟ್ಟ ಹೆಸರು. ಹಳೆಯ ಕೃಷಿ ಪುಸ್ತಕಗಳಲ್ಲಿ ನೆಫಾಂಟಿಸ್ ಸೆರಿನೋಪ ಅಂತ ಕಂಡರೆ ಅದೂ ಇದೇ. 1905ರಲ್ಲಿ ಮೇರಿಕ್ ಬೇರೆ ಹೆಸರು ಕೊಟ್ಟಿದ್ದರು, ಬಹಳ ವರ್ಷ ಅದೇ ನಡೆಯಿತು. ಯಾವ ಕುಟುಂಬಕ್ಕೆ ಸೇರಿಸಬೇಕು ಅಂತ ವಿಜ್ಞಾನಿಗಳು ಅತ್ತಿತ್ತ ಮಾಡುತ್ತಲೇ ಇದ್ದಾರೆ. ನಮ್ಮ ಮಡಲಿಗೆ ಅದರಿಂದ ಏನೂ ವ್ಯತ್ಯಾಸ ಇಲ್ಲ ಬಿಡಿ.

ಮೊಟ್ಟೆ ಇಡುವುದು ಹಳೆಯ ಮಡಲಿನ ಗರಿಗಳ ಅಡಿಭಾಗದಲ್ಲಿ. ಐದು ದಿನಕ್ಕೆ ಮರಿ ಹೊರಗೆ. ಅಲ್ಲಿಂದ ಸುಮಾರು ನಲವತ್ತು ದಿನ ಹುಳುವಾಗಿಯೇ ಇರುತ್ತದೆ, ತಿನ್ನುವುದೆಲ್ಲ ಆಗಲೇ. ಮತ್ತೆ ಹನ್ನೆರಡು ದಿನದ ಹತ್ತಿರ ಕೋಶ. ಒಟ್ಟು ಎರಡು ತಿಂಗಳಿಗೆ ಒಂದು ಸುತ್ತು.

ಹುಳವನ್ನು ಹತ್ತಿರದಿಂದ ನೋಡಬೇಕಾದರೆ ಕೆಳಗಿನ ಒಂದು ಮಡಲು ಕಡಿದು ಹಾಕಿ, ಗರಿಯನ್ನು ಮಗುಚಿ. ಕಡ್ಡಿಯ ಪಕ್ಕದಲ್ಲೇ ಉದ್ದಕ್ಕೆ ಕಂದು ಬಣ್ಣದ ಒರಟು ಕೊಳವೆ ಕಾಣುತ್ತದೆ. ಮರದ ಪುಡಿಯನ್ನು ನೂಲಿನಲ್ಲಿ ಹೊಸೆದು ಮಾಡಿದ್ದು ಅಂತ ಕಾಣಬಹುದು, ಆದರೆ ಅದು ಹುಳುವಿನ ಹಿಕ್ಕೆ. ತನ್ನ ಬಾಯಿಯ ರೇಷ್ಮೆಯಲ್ಲಿ ತನ್ನದೇ ಹಿಕ್ಕೆಯನ್ನು ಅಂಟಿಸಿ ಸುರಂಗ ಕಟ್ಟಿಕೊಂಡು, ಅದರೊಳಗೆ ಕೂತು ಗರಿಯ ಹಸಿರನ್ನು ಕೆರೆದು ತಿನ್ನುತ್ತದೆ. ಮೇಲಿನ ತೆಳು ಸಿಪ್ಪೆ ಮಾತ್ರ ಬಿಡುತ್ತದೆ. ಕಡ್ಡಿಯ ತುದಿಯಲ್ಲಿ ಆ ಸುರಂಗವನ್ನು ಮೆಲ್ಲನೆ ಸೀಳಿದರೆ ಹಸಿರು ಮಿಶ್ರಿತ ಕಂದು ಹುಳು ಹಿಂದಕ್ಕೆ ಹಿಂದಕ್ಕೆ ಸರಿಯುತ್ತದೆ. ತಲೆ ಕಪ್ಪು, ಅದರ ಹಿಂದಿನ ತುಂಡೂ ಕಪ್ಪು, ಅದರ ಹಿಂದೆ ಸ್ವಲ್ಪ ಕೆಂಪು, ಮೈ ಉದ್ದಕ್ಕೂ ಕಂದು ಗೆರೆ. ಸಿಂಪಡಣೆಯ ಮದ್ದು ಯಾಕೆ ಸರಿಯಾಗಿ ತಾಗುವುದಿಲ್ಲ ಅಂತ ಆ ಸುರಂಗ ನೋಡಿದರೆ ಅರ್ಥವಾಗುತ್ತದೆ. ನಾವು ಕೆಳಗಿನಿಂದ ಹೊಡೆಯುವುದು, ಮರ ಐವತ್ತು ಅಡಿ, ಹುಳು ಗೂಡಿನೊಳಗೆ.

ಮಡಲು ಒಣಗಿದ್ದೆಲ್ಲ ಈ ಹುಳದ ಕೆಲಸ ಅಲ್ಲ. ಪೊಟ್ಯಾಶ್ ಕಡಿಮೆಯಾದರೂ ಹಳೆ ಗರಿ ತುದಿಯಿಂದ ಒಣಗುತ್ತದೆ, ಗರಿ ಕೊಳೆಯುವ ಶಿಲೀಂಧ್ರ ರೋಗವೂ ಇದೆ, ನೀರಿಲ್ಲದೆಯೂ ಒಣಗುತ್ತದೆ. ಬಿಳಿ ನೊಣ ಬಂದರೆ ಗರಿ ಮೇಲೆ ಕಪ್ಪು ಮಸಿ ಕೂರುತ್ತದೆ, ಅದು ಬೇರೆ ಕಥೆ. ಗರಿ ಮಗುಚಿದಾಗ ಸುರಂಗ ಇದ್ದರೆ ಮಾತ್ರ ಕಪ್ಪು ತಲೆ ಹುಳು. ಇಷ್ಟು ನೋಡದೆ ಫೋಟೋ ನೋಡಿ ಮದ್ದು ಕೊಡುವವರ ಮಾತು ನಂಬಬೇಡಿ.

ಒಮ್ಮೆ ಜೋರಾಗಿ ಬಂದರೆ ನಷ್ಟ ಎಷ್ಟು? ತೀವ್ರವಾಗಿ ಹಾವಳಿಯಾದ ಮರಗಳಲ್ಲಿ ಮುಂದಿನ ವರ್ಷ ಕಾಯಿ ಶೇಕಡಾ 45ರ ಹತ್ತಿರ ಕಡಿಮೆಯಾಗುತ್ತದೆ ಎಂಬುದು ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ನಮ್ಮ ಸಿಪಿಸಿಆರ್‌ಐನ ಲೆಕ್ಕ. ಮರ ಮೊದಲಿನ ಹಾಗೆ ಆಗಲು ವರ್ಷಗಳು ಬೇಕು. ಮರ ಸಾಯುವುದಿಲ್ಲ, ಆದರೆ ಹಿಂಗಾರ, ಅಂದರೆ ಹೂಗೊಂಚಲು ಕಡಿಮೆ, ಇದ್ದ ಮಿಡಿ ಉದುರುತ್ತದೆ. 2025ರ ರೇಟಿಗೆ ಗುಣಿಸಿ ನೋಡಿದರೆ ನಿದ್ದೆ ಬರುವುದಿಲ್ಲ.

ನಮ್ಮ ಕರಾವಳಿಗೆ ಒಂದು ಅನುಕೂಲ ಇದೆ, ಅದು ಮಳೆ. ಜೂನ್‌ನಲ್ಲಿ ಮಳೆ ಹಿಡಿದರೆ ಹುಳುವಿನ ಸಂಖ್ಯೆ ತಾನಾಗಿ ಇಳಿಯುತ್ತದೆ. ಒಣಹವೆಯ ತುಮಕೂರು ಕಡೆ ಅಷ್ಟು ಸಹಾಯ ಸಿಗುವುದಿಲ್ಲ. ಅದಕ್ಕೇ ನಮ್ಮವರು "ಮಳೆ ಬಂದರೆ ಹೋಗುತ್ತದೆ" ಅಂತ ಹೇಳಿ ಕೂರುವುದು. ಹೋಗುತ್ತದೆ ನಿಜ, ಆದರೆ ಜನವರಿಯಿಂದ ಮೇ ತನಕ ಅದು ಎರಡು ಸುತ್ತು ತಿಂದಾಗಿರುತ್ತದೆ. ಸಮುದ್ರದ ಬದಿ, ಹೊಳೆ ಬದಿಯ ತೋಟಗಳಲ್ಲಿ ಇದು ಮೊದಲಿನಿಂದಲೂ ಜಾಸ್ತಿ. ಮಂಜೇಶ್ವರ, ಉಪ್ಪಳ, ಕುಂಬಳೆ, ಮೊಗ್ರಾಲ್ ಈ ಸಾಲಿನವರು ಗಮನ ಇಡಬೇಕು. ಒಳಗೆ ಬದಿಯಡ್ಕ, ಪೆರ್ಲದ ಕಡೆ ಅಡಿಕೆಯ ನಡುವೆ ಅಲ್ಲೊಂದು ಇಲ್ಲೊಂದು ತೆಂಗು ಇರುವಲ್ಲಿ ಮೊದಲು ಕಣ್ಣಿಗೆ ಬೀಳುವುದೂ ಕಷ್ಟ.

ಈ ಹುಳವನ್ನು ಎದುರಿಸುವ ಉಪಾಯ ಹುಡುಕಲು ಬೆಂಗಳೂರಿಗೋ ದೆಹಲಿಗೋ ಹೋಗಬೇಕಾಗಿಲ್ಲ. ಮದ್ರಾಸ್ ಸರಕಾರ 1916ರಲ್ಲಿ ಕಾಸರಗೋಡಿನಲ್ಲಿ ತೆಂಗು ಸಂಶೋಧನಾ ಕೇಂದ್ರ ಶುರು ಮಾಡಿತು. ಅದೇ 1970ರಲ್ಲಿ ಸಿಪಿಸಿಆರ್‌ಐ ಆಯಿತು, ಕಾಸರಗೋಡು ಪೇಟೆಯಿಂದ ಸ್ವಲ್ಪವೇ ದೂರ. ಸ್ವಾತಂತ್ರ್ಯಕ್ಕೆ ಮೊದಲು, ನಾವೆಲ್ಲ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲೇ ಈ ಹುಳಕ್ಕೆ ಕೀಟವನ್ನೇ ಬಿಟ್ಟು ಕೀಟವನ್ನು ಹಿಡಿಸುವ ಕೆಲಸ ನಡೆದಿತ್ತು. ಈಗ ಸಾವಯವ ಎಂದು ಹೊಸದಾಗಿ ಮಾತಾಡುವವರು ಇದನ್ನೊಮ್ಮೆ ನೆನಪಿಡಬೇಕು. ಡಿಡಿಟಿ ಎಂಬ ಕೀಟನಾಶಕ ಬರುವ ಮೊದಲೇ ಇದು ಇತ್ತು.

ಹಿಡಿಯುವ ಕೀಟ ಒಂದಲ್ಲ, ಹಲವು. ಎಲ್ಲವೂ ಕಣಜದ ಜಾತಿ, ಆದರೆ ನಮ್ಮನ್ನು ಕಚ್ಚುವ ಕಣಜ ಅಲ್ಲ, ಇರುವೆಯಷ್ಟೇ ದೊಡ್ಡವು. ಗೋನಿಯೋಜಸ್ ಮತ್ತು ಬ್ರೇಕಾನ್ ಬೆಳೆದ ಹುಳದ ಮೇಲೆ ಕೂರುತ್ತವೆ. ಎಲಾಸ್ಮಸ್ ಕೋಶ ಕಟ್ಟಲು ಹೊರಟ ಹುಳವನ್ನು ಹಿಡಿಯುತ್ತದೆ. ಬ್ರಾಕಿಮೇರಿಯ ಕೋಶವನ್ನೇ ಹಿಡಿಯುತ್ತದೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಗೋನಿಯೋಜಸ್.

ಗೋನಿಯೋಜಸ್ ಮಾಡುವ ಕೆಲಸ ಒಮ್ಮೆ ನೋಡಬೇಕು. ಮೂರು ನಾಲ್ಕು ಮಿಲಿಮೀಟರಿನ ಕಪ್ಪು ಹೆಣ್ಣು ಸುರಂಗದೊಳಗೆ ನುಗ್ಗುತ್ತದೆ. ಹುಳು ಅದಕ್ಕಿಂತ ಎಷ್ಟೋ ದೊಡ್ಡದು, ಹೊರಳುತ್ತದೆ, ತಲೆ ಬೀಸುತ್ತದೆ. ಇದು ಬಿಡದೆ ಚುಚ್ಚಿ ಅದನ್ನು ಮರಗಟ್ಟಿಸುತ್ತದೆ. ಹುಳು ಸಾಯುವುದಿಲ್ಲ, ಅಲ್ಲಾಡುವುದಿಲ್ಲ ಅಷ್ಟೆ. ಆಮೇಲೆ ಅದರ ಮೈ ಮೇಲೆ ಹತ್ತೋ ಹದಿನೈದೋ ಬಿಳಿ ಮೊಟ್ಟೆ ಅಂಟಿಸುತ್ತದೆ. ಇಷ್ಟು ಮಾಡಿ ಬೇರೆ ಕಣಜಗಳು ಹಾರಿ ಹೋಗುತ್ತವೆ, ಇದು ಹೋಗುವುದಿಲ್ಲ. ಮೊಟ್ಟೆಯ ಪಕ್ಕದಲ್ಲೇ ಕಾವಲು ಕೂರುತ್ತದೆ. ಇನ್ನೊಂದು ಗೋನಿಯೋಜಸ್ ಅದೇ ಹುಳಕ್ಕೆ ಆಸೆಪಟ್ಟು ಬಂದರೆ ಎರಡೂ ಕಚ್ಚಾಡುತ್ತವೆ. ಹೆಚ್ಚಾಗಿ ಗಾತ್ರದಲ್ಲಿ ದೊಡ್ಡದು, ಇಲ್ಲವೇ ಮೊದಲು ಬಂದು ಕೂತದ್ದು ಗೆಲ್ಲುತ್ತದೆ. ಪ್ರಾಣಿಗಳ ಜಗಳದ ನಿಯಮ ಏನು ಅಂತ ಅಭ್ಯಾಸ ಮಾಡುವ ಇಂಗ್ಲೆಂಡಿನ ವಿಜ್ಞಾನಿಗಳಿಗೆ ನಮ್ಮ ತೆಂಗಿನ ತೋಟದ ಈ ಕಣಜ ಬಹಳ ಪ್ರೀತಿ. ಮೊಟ್ಟೆ ಒಡೆದು ಮರಿಗಳು ಹುಳವನ್ನು ಹೀರಿ ಹೀರಿ ಖಾಲಿ ಚರ್ಮ ಮಾಡಿ, ಪಕ್ಕದಲ್ಲೇ ಗುಂಪಾಗಿ ಸಣ್ಣ ಗೂಡು ಕಟ್ಟುತ್ತವೆ. ಎರಡು ವಾರದೊಳಗೆ ಹೊಸ ಕಣಜಗಳು ಹೊರಬರುತ್ತವೆ, ಹತ್ತರಲ್ಲಿ ಒಂಬತ್ತು ಹೆಣ್ಣು. ಹಿಡಿಯುವ ಕೆಲಸ ಹೆಣ್ಣಿನದ್ದೇ ಆದ್ದರಿಂದ ನಮಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಡ.

ಹುಳದ ಸುತ್ತು ಎರಡು ತಿಂಗಳು, ಕಣಜದ್ದು ಎರಡು ವಾರ. ಇಷ್ಟು ಒಳ್ಳೆಯ ಕಣಜ ಇದ್ದೂ ಹುಳು ಯಾಕೆ ಮತ್ತೆ ಮತ್ತೆ ಬರುತ್ತದೆ?

ಈ ಪ್ರಶ್ನೆಗೆ ಉತ್ತರ ಹುಳದ ವಯಸ್ಸಿನಲ್ಲಿದೆ. ಸಾಮಾನ್ಯವಾಗಿ ಒಂದು ಕೀಟ ತೋಟದಲ್ಲಿದ್ದರೆ ಮೊಟ್ಟೆ, ಮರಿ, ದೊಡ್ಡ ಹುಳು, ಕೋಶ ಎಲ್ಲವೂ ಒಟ್ಟಿಗೆ ಕಾಣುತ್ತವೆ. ಕಪ್ಪು ತಲೆ ಹುಳು ಜೋರಾಗಿ ಬಂದ ತೋಟದಲ್ಲಿ ಹಾಗಲ್ಲ. ಒಂದೇ ಕ್ಲಾಸಿನ ಮಕ್ಕಳ ಹಾಗೆ ಎಲ್ಲವೂ ಒಂದೇ ಪ್ರಾಯದವು. ಈ ವಾರ ಹೋದರೆ ಎಲ್ಲ ಸಣ್ಣ ಮರಿ, ಮುಂದಿನ ತಿಂಗಳು ಹೋದರೆ ಎಲ್ಲ ದೊಡ್ಡ ಹುಳು, ಮತ್ತೆ ಹೋದರೆ ಬರೇ ಕೋಶ. ಶ್ರೀಲಂಕಾದ ತೆಂಗಿನ ತೋಟಗಳಲ್ಲಿ 1980ರ ದಶಕದಲ್ಲಿ ಇದನ್ನು ಎಣಿಸಿ ನೋಡಿದ್ದರು, ಕರ್ನಾಟಕದ ತೋಟಗಳಲ್ಲೂ ಹೀಗೇ ಕಂಡಿದೆ. ಗಾಡ್‌ಫ್ರೇ ಮತ್ತು ಹ್ಯಾಸೆಲ್ ಎಂಬ ಇಬ್ಬರು ವಿಜ್ಞಾನಿಗಳು ಕೊಟ್ಟ ವಿವರಣೆ ಸರಳವಾಗಿ ಹೇಳುವುದಾದರೆ ಹೀಗೆ: ಕಣಜ ಹಿಡಿಯುವುದು ಹುಳದ ಒಂದು ಹಂತವನ್ನು ಮಾತ್ರ. ತೋಟದಲ್ಲಿ ಕಣಜ ಜಾಸ್ತಿ ಇದ್ದ ಸಮಯಕ್ಕೆ ಆ ಹಂತದಲ್ಲಿದ್ದ ಹುಳುಗಳು ಸಾಯುತ್ತವೆ, ಹಿಂದೆ ಮುಂದೆ ಇದ್ದವು ಉಳಿಯುತ್ತವೆ. ಉಳಿದವುಗಳಿಂದ ಮುಂದಿನ ತಲೆಮಾರು ಒಟ್ಟಿಗೆ ಹುಟ್ಟುತ್ತದೆ. ಅವು ಸಣ್ಣ ಮರಿಗಳಾಗಿ ಇರುವಾಗ ಕಣಜಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ, ಕಣಜದ ಸಂಖ್ಯೆ ಇಳಿಯುತ್ತದೆ. ಹುಳು ದೊಡ್ಡದಾಗಿ ತಿನ್ನಲು ಶುರು ಮಾಡುವಾಗ ಕಣಜ ಸಾಕಷ್ಟು ಇರುವುದಿಲ್ಲ. ಕಣಜದ ಸಣ್ಣ ಆಯುಸ್ಸು ಇಲ್ಲಿ ಅದಕ್ಕೇ ತೊಂದರೆ.

ಆದ್ದರಿಂದ ಕಣಜ ತಂದು ಬಿಡುವುದು ಅಂದರೆ ಸರಿಯಾದ ವಾರಕ್ಕೆ ಬಿಡುವುದು. ಗೋನಿಯೋಜಸ್ ಬಿಡಬೇಕಾದದ್ದು ಹುಳು ಪೊರೆ ಕಳಚುತ್ತಾ ಬೆಳೆಯುವ ಹಂತಗಳಲ್ಲಿ ಮೂರನೆಯದಕ್ಕೆ ಕಾಲಿಡುವ ಹೊತ್ತಿಗೆ. ಆಗ ಬಿಟ್ಟರೆ ಕಣಜಕ್ಕೆ ಹುಳು ಸಿಗುತ್ತದೆ, ಹುಳು ಇನ್ನೂ ಹೆಚ್ಚು ತಿಂದಿರುವುದಿಲ್ಲ, ಆ ಸುತ್ತಿನಲ್ಲೇ ಕಣಜದ ಮಕ್ಕಳೂ ಹುಟ್ಟಿ ಕೆಲಸಕ್ಕೆ ಇಳಿಯುತ್ತವೆ. ಕೋಶದ ಸಮಯಕ್ಕೆ ಬಿಟ್ಟರೆ ಗೋನಿಯೋಜಸ್ ಸುಮ್ನೆ ಹಾರಾಡಿ ಸಾಯುತ್ತದೆ. ಆಗ ಬೇಕಾದದ್ದು ಬ್ರಾಕಿಮೇರಿಯ. ಪತಂಗ ಹಾರುವ ವಾರದಲ್ಲಿ ಯಾವುದು ಬಿಟ್ಟೂ ಪ್ರಯೋಜನ ಇಲ್ಲ.

ನಮ್ಮಲ್ಲಿ ನಡೆಯುವುದು ಏನು? ಮಡಲು ಸುಟ್ಟ ಮೇಲೆ ಕೃಷಿಕ ಅರ್ಜಿ ಕೊಡುತ್ತಾನೆ. ಅರ್ಜಿ ಮೇಲೆ ಹೋಗುತ್ತದೆ. ಕಣಜ ಸಾಕುವ ಕಡೆ ಸ್ಟಾಕ್ ಇದ್ದರೆ ಬರುತ್ತದೆ, ಇಲ್ಲದಿದ್ದರೆ ಕಾಯಬೇಕು. ಅನುದಾನ ಬಂದದ್ದು ಮಾರ್ಚಿನಲ್ಲಿ ಅಂತಾದರೆ ಮಾರ್ಚ್ 31ರೊಳಗೆ ಎಲ್ಲರಿಗೂ ಹಂಚಿ ಮುಗಿಸಬೇಕು. ಹುಳದ ಪ್ರಾಯ ಎಷ್ಟು ಅಂತ ನೋಡಿ ಹಂಚಿದ್ದನ್ನು ನಾನಂತೂ ನೋಡಿಲ್ಲ. ಹಂಚುವವರನ್ನು ಬೈದು ಏನೂ ಆಗುವುದಿಲ್ಲ, ಅವರ ರಿಜಿಸ್ಟರಿನಲ್ಲಿ ಕಣಜ ತುಂಬಿದ ಟ್ಯೂಬ್ ಎಷ್ಟು ಅಂತ ಬರೆಯಲು ಕಾಲಂ ಇದೆ, ಹುಳದ ಹಂತ ಬರೆಯಲು ಕಾಲಂ ಇಲ್ಲ. ಒಂದು ತಿಂಗಳು ಕಳೆದು ಕೃಷಿಕ ಹೇಳುತ್ತಾನೆ, "ಅದೆಲ್ಲ ಬಿಟ್ಟು ನೋಡಿದ್ದೇವೆ ಮಾರಾಯ್ರೆ, ಏನೂ ಆಗಲಿಲ್ಲ." ಕಣಜಕ್ಕೆ ಬಂದ ಕೆಟ್ಟ ಹೆಸರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಯಾಲೆಂಡರಿನ ತಪ್ಪು ಅಂತ ನನ್ನ ಅಭಿಪ್ರಾಯ.

ಬಿಡುವ ಕ್ರಮದಲ್ಲೂ ಕೆಲವು ಸೂಕ್ಷ್ಮ ಇದೆ. ಕಣಜಗಳನ್ನು ಟ್ಯೂಬಿನಲ್ಲೇ ಜೇನು ಕುಡಿಸಿ ಬಿಡಬೇಕು, ಹಸಿದ ಕಣಜ ಹುಳು ಹುಡುಕುವುದಿಲ್ಲ, ಊಟ ಹುಡುಕುತ್ತದೆ. ಬಿಡುವ ಮೊದಲು ಹುಳದ ಸುರಂಗದ ವಾಸನೆ ತೋರಿಸಿದರೆ ಹೊರಗೆ ಹೋದ ಮೇಲೆ ಹುಳವನ್ನು ಚುರುಕಾಗಿ ಹುಡುಕುತ್ತವೆ ಅಂತ ಸಿಪಿಸಿಆರ್‌ಐಯವರು ಪ್ರಯೋಗ ಮಾಡಿ ನೋಡಿದ್ದಾರೆ. ಹುಳು ಇರುವ ಒಂದು ಗರಿಯ ತುಂಡನ್ನು ಡಬ್ಬಿಯೊಳಗೆ ಹಾಕಿದರೆ ಆಯಿತು. ಮರಕ್ಕೆ ಇಪ್ಪತ್ತು ಗೋನಿಯೋಜಸ್ ಅಥವಾ ಮೂವತ್ತು ಬ್ರೇಕಾನ್ ಲೆಕ್ಕ. ಮರದ ಮಂಡೆಗೆ ಹತ್ತಿ ಬಿಡುವುದು ಬೇಡ ಅನ್ನುತ್ತದೆ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ, ಅಲ್ಲಿ ಜೇಡಗಳು ಕೂತಿರುತ್ತವೆ, ಬಿಟ್ಟದ್ದನ್ನೆಲ್ಲ ತಿಂದುಬಿಡುತ್ತವೆ. ಕೆಳಗಿನಿಂದಲೇ ಬಿಡಬಹುದು. ತೆಂಗು ಹತ್ತುವವರು ಸಿಗದ ಈ ಕಾಲಕ್ಕೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ, ಅಲ್ವಾ?

ಹುಳು ತುಂಬಿದ ಕೆಳಗಿನ ಎರಡು ಮೂರು ಮಡಲು ಕಡಿದು ಸುಡಬೇಕು ಅಂತ ಎಲ್ಲ ಕಡೆ ಬರೆದಿರುತ್ತದೆ. ಅದು ಸರಿಯಾದದ್ದೇ, ಅರ್ಧ ಹುಳು ಅಲ್ಲೇ ಮುಗಿಯುತ್ತದೆ. ಆದರೆ ಕಣಜ ಬಿಟ್ಟ ಮೇಲೆ ಕಡಿದು ಸುಟ್ಟರೆ ಗೂಡಿನೊಳಗಿನ ಕಣಜದ ಮರಿಗಳೂ ಸುಟ್ಟು ಹೋಗುತ್ತವೆ. ಕಡಿಯುವುದು ಮೊದಲು, ಬಿಡುವುದು ಆಮೇಲೆ. ಕಡಿದ ಮಡಲನ್ನು ಬೇಲಿಗೆ ಕಟ್ಟಲು ಆಚೆ ಊರಿಗೆ ಜೀಪಿನಲ್ಲಿ ಕಳಿಸುವುದು ಮಾತ್ರ ಬೇಡ, ಹುಳಕ್ಕೆ ಪುಕ್ಕಟೆ ಪ್ರಯಾಣ ಅದು.

ಇನ್ನೊಂದು ತೊಡಕು ಜಾಗದ್ದು. ಇಲ್ಲಿ ಒಬ್ಬೊಬ್ಬರಿಗೆ ಇರುವುದು ಐವತ್ತು ಸೆಂಟ್ಸು, ಒಂದೆಕರೆ. ನಡುವೆ ಗಲ್ಫಿನಲ್ಲಿರುವವರ ಬೀಗ ಹಾಕಿದ ಮನೆ, ಸುತ್ತ ಇಪ್ಪತ್ತು ತೆಂಗು, ಕಾಯಿ ಬಿದ್ದಲ್ಲೇ ಮೊಳಕೆ ಬಂದಿರುತ್ತದೆ. ಪತಂಗಕ್ಕೆ ಸರ್ವೆ ನಂಬ್ರ ಗೊತ್ತಿಲ್ಲ. ನೀವೊಬ್ಬರು ಕಣಜ ಬಿಟ್ಟರೆ ಎರಡು ತಿಂಗಳಲ್ಲಿ ಆ ಬೀಗ ಹಾಕಿದ ತೋಟದಿಂದ ಪತಂಗ ಬಂದು ಮೊಟ್ಟೆ ಇಡುತ್ತದೆ. ಈ ಕೆಲಸ ವಾರ್ಡಿನ ಲೆಕ್ಕದಲ್ಲಿ ಆಗಬೇಕು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಹಾಗೆ ಅವರವರ ತೋಟ ಅವರವರು ನೋಡಿಕೊಂಡರೆ ಸಾಕಾಗುವುದಿಲ್ಲ.

ಇನ್ನು ವಿಷದ ವಿಚಾರ. ಕಾಸರಗೋಡಿನಲ್ಲಿ ಕೂತು ಕೀಟನಾಶಕದ ಬಗ್ಗೆ ಬರೆಯುವಾಗ ಎಂಡೋಸಲ್ಫಾನ್ ಹೆಸರು ಎತ್ತದೆ ಇರಲು ಸಾಧ್ಯವಿಲ್ಲ. ಗೇರಿನ ಚಹಾ ಸೊಳ್ಳೆ ಎಂಬ ಒಂದು ಸಣ್ಣ ಕೀಟಕ್ಕೆಂದು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಲ್ಲಿ ಸುರಿದರು. ಎಣ್ಮಕಜೆ, ಪಡ್ರೆ ಕಡೆಯ ಮನೆಗಳಲ್ಲಿ ಅದರ ಫಲ ಇವತ್ತಿಗೂ ಹಾಸಿಗೆಯಲ್ಲಿ ಮಲಗಿದೆ. ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿದ್ದು 2011ರ ಮೇಯಲ್ಲಿ. ಇಲ್ಲಿನವರಿಗೆ ಮದ್ದು ಬೇಡ ಅಂತ ಉಪದೇಶ ಮಾಡಬೇಕಾಗಿಲ್ಲ.

ಆದರೂ ರೇಟು ಏರಿದಾಗ ಮನಸ್ಸು ಚಂಚಲ ಆಗುತ್ತದೆ. ಮೊದಲು ಬೇರಿಗೆ ಮೋನೋಕ್ರೋಟೋಫಾಸ್ ಕೊಡುವ ಪದ್ಧತಿ ಇತ್ತು. ಎಳೆ ಬೇರನ್ನು ಓರೆಯಾಗಿ ಕತ್ತರಿಸಿ, ಹತ್ತು ಮಿಲಿ ಮದ್ದಿಗೆ ಅಷ್ಟೇ ನೀರು ಸೇರಿಸಿದ ಪ್ಲಾಸ್ಟಿಕ್ ಚೀಲ ಕಟ್ಟುವುದು, ಮರವೇ ಹೀರಿಕೊಂಡು ಗರಿಗೆ ಕಳಿಸುತ್ತದೆ. 45 ದಿನ ಕಾಯಿ ಕೀಳಬಾರದು ಎಂಬ ಷರತ್ತು. ಕಾಯಿಗೆ ಒಳ್ಳೆ ರೇಟು ಇರುವಾಗ, ಸಿಯಾಳಕ್ಕೆ ದಿನಾ ಜನ ಬರುವಾಗ, ಆ 45 ದಿನ ಎಷ್ಟು ಜನ ಕಾದಿದ್ದಾರೆ ಅಂತ ನೀವೇ ಊಹಿಸಿ. ಕೇರಳದಲ್ಲಿ ಈ ಮದ್ದು 2011ರಿಂದ ನಿಷೇಧ. ಗಡಿ ದಾಟಿದರೆ ಸಿಗುತ್ತಿತ್ತು, ತಲಪಾಡಿ ಏನು ದೂರ ಅಲ್ಲ. 2023ರಲ್ಲಿ ಕೇಂದ್ರವೂ ಇದರ 36 ಶೇಕಡಾ ದ್ರಾವಣಕ್ಕೆ ಕೊನೆ ಹಾಡುವ ಆದೇಶ ಮಾಡಿತು. ಹಾಗಂತ ಬೇರೆ ಹೆಸರಿನ ಬಾಟಲಿಗಳು ಅಂಗಡಿಯಿಂದ ಮಾಯವಾಗುವುದಿಲ್ಲ.

ರಾಸಾಯನಿಕವನ್ನು ಮುಟ್ಟಲೇಬಾರದು ಅಂತ ಹೇಳುವವನು ನಾನಲ್ಲ. ಥಾಯ್ಲೆಂಡಿನಲ್ಲಿ ಈ ಹುಳು ಹೊಸದಾಗಿ ಹೊಕ್ಕಾಗ ಎತ್ತರದ ಮರಗಳ ಕಾಂಡಕ್ಕೆ ಇಂಜೆಕ್ಷನ್ ಕೊಟ್ಟರು, ಜೊತೆಗೆ ಶ್ರೀಲಂಕಾದಿಂದ ಇದೇ ಗೋನಿಯೋಜಸ್ ತರಿಸಿ ಸಾಕಿ ಬಿಟ್ಟರು. 2013ರಲ್ಲಿ ಚೀನದ ಹೈನಾನ್ ದ್ವೀಪದಲ್ಲೂ ಹುಳು ಕಾಣಿಸಿತು. ಅಲ್ಲಿಗೆ ಅದು ಹೊರಗಿನಿಂದ ಬಂದ ನೆಂಟ, ಹಿಡಿಯುವವರು ಯಾರೂ ಇರಲಿಲ್ಲ, ಹಾಗಾಗಿ ಇಂಜೆಕ್ಷನ್ ಅರ್ಥವಾಗುತ್ತದೆ. ನಮ್ಮಲ್ಲಿ ಹಿಡಿಯುವ ಕಣಜಗಳು ತೋಟದಲ್ಲೇ ಇವೆ. ಮೇಲಿನಿಂದ ಸಿಂಪಡಿಸಿದರೆ ಸುರಂಗದೊಳಗಿನ ಹುಳು ಉಳಿದು, ಹೊರಗೆ ಓಡಾಡುವ ಕಣಜ ಮೊದಲು ಸಾಯುತ್ತದೆ. ಮುಂದಿನ ಸುತ್ತಿಗೆ ಹುಳಕ್ಕೆ ಎದುರಾಳಿಯೇ ಇಲ್ಲ. ಬಿಳಿ ನೊಣದಲ್ಲೂ ಇದೇ ಆಗಿದೆ. 2016ರಲ್ಲಿ ಪೊಳ್ಳಾಚಿಯಲ್ಲಿ ಅದು ಮೊದಲು ಕಂಡಾಗ ಹೆದರಿ ಹೊಡೆದವರಿಗಿಂತ, ಹೊಡೆಯದೆ ಎನ್‌ಕಾರ್ಸಿಯ ಎಂಬ ಕಣಜಕ್ಕೆ ಜಾಗ ಬಿಟ್ಟವರ ತೋಟ ಬೇಗ ಸುಧಾರಿಸುತ್ತದೆ ಅಂತ ವಿಜ್ಞಾನಿಗಳೇ ಹೇಳುತ್ತಾ ಬಂದರು.

ಹಾಗಾದರೆ ಸರಿಯಾದ ವಾರ ಗೊತ್ತಾಗುವುದು ಹೇಗೆ? ಇಲ್ಲಿ ಪತಂಗ ಬೇಕು. ಹೆಣ್ಣು ಪತಂಗ ರಾತ್ರಿ ಗಂಡನ್ನು ಕರೆಯಲು ಬಿಡುವ ವಾಸನೆ ಯಾವ ರಾಸಾಯನಿಕ ಅಂತ ಈಗ ಗುರುತಿಸಿದ್ದಾರೆ, ಅದನ್ನು ಹಾಕಿದ ಬಲೆಯನ್ನು ತೋಟದಲ್ಲಿ ಪರೀಕ್ಷೆಯೂ ಮಾಡಿದ್ದಾರೆ. ಇದರಲ್ಲಿ ಗಂಡುಗಳನ್ನೆಲ್ಲ ಹಿಡಿದು ಹುಳದ ವಂಶವನ್ನೇ ಮುಗಿಸುತ್ತೇವೆ ಅಂತ ಹೊರಟರೆ ನಿರಾಸೆಯೇ ಗತಿ ಅಂತ ನನಗೆ ಕಾಣುತ್ತದೆ. ಬಲೆಯ ನಿಜವಾದ ಉಪಯೋಗ ತಾರೀಖು ಹೇಳುವುದು. ಬಲೆಗೆ ಪತಂಗ ಬೀಳಲು ಶುರುವಾಗಿ ಹೆಚ್ಚಾದ ದಿನ ಬರೆದಿಟ್ಟುಕೊಳ್ಳಿ. ಅಲ್ಲಿಂದ ಐದು ದಿನ ಮೊಟ್ಟೆ, ಮತ್ತೆ ಎರಡು ವಾರದ ಹತ್ತಿರ ಸಣ್ಣ ಮರಿ. ಒಟ್ಟಿಗೆ ಮೂರು ವಾರದ ಆಸುಪಾಸಿನಲ್ಲಿ ಗರಿ ಮಗುಚಿ ನೋಡಿದರೆ ಮೂರನೆಯ ಹಂತದ ಹುಳು ಸಿಗಬೇಕು. ಕಣಜದ ಟ್ಯೂಬು ಆ ವಾರಕ್ಕೆ ತಯಾರಿರಬೇಕು. ಕಣಜ ಸಾಕುವವರಿಗೂ ಮೂರು ವಾರದ ಮುನ್ಸೂಚನೆ ಸಿಕ್ಕಿದ ಹಾಗೆ ಆಯಿತು. ಮಡಲು ಸುಟ್ಟ ಮೇಲೆ ಅರ್ಜಿ ಕೊಟ್ಟರೆ ಅವರು ತಾನೇ ಎಲ್ಲಿಂದ ತರುವುದು?

ಕಣಜ ಸಾಕುವುದು ರಾಕೆಟ್ ವಿದ್ಯೆ ಅಲ್ಲ. ಅದಕ್ಕೆ ಬೇಕಾದದ್ದು ಇನ್ನೊಂದು ಪತಂಗ, ಅದು ನಿಮ್ಮ ಅಡುಗೆಮನೆಯಲ್ಲೇ ಇದೆ. ಹಳೆ ಅಕ್ಕಿ, ರವೆ ಡಬ್ಬಿಯಲ್ಲಿ ಬಲೆ ಕಟ್ಟಿ ಗಂಟು ಗಂಟು ಮಾಡುವ ಬಿಳಿ ಹುಳು ಇದೆಯಲ್ಲ, ಕೊರ್ಸೈರ ಎಂಬ ಅಕ್ಕಿ ಪತಂಗದ ಮರಿ ಅದು. ಒಡೆದ ಜೋಳವನ್ನೋ ರಾಗಿಯನ್ನೋ ಡಬ್ಬಿಗಳಲ್ಲಿ ಹಾಕಿ ಅದನ್ನು ಸಾಕಿ, ಆ ಹುಳದ ಮೇಲೆ ಗೋನಿಯೋಜಸ್, ಬ್ರೇಕಾನ್ ಬೆಳೆಸುತ್ತಾರೆ. ಕೇರಳ ಕೃಷಿ ಇಲಾಖೆಯ ಪರಾವಲಂಬಿ ಸಾಕಣೆ ಕೇಂದ್ರಗಳಲ್ಲಿ, ಕರ್ನಾಟಕದ ತೋಟಗಾರಿಕೆ ಇಲಾಖೆಯ ಪ್ರಯೋಗಾಲಯಗಳಲ್ಲಿ ನಡೆಯುವುದು ಇದೇ. ಕಷ್ಟ ಏನೆಂದರೆ ಪತಂಗದ ರೆಕ್ಕೆಯ ಪುಡಿ ಗಾಳಿಯಲ್ಲಿ ತುಂಬಿ ಕೆಲಸದವರಿಗೆ ದಮ್ಮು, ಅಲರ್ಜಿ ಬರುತ್ತದೆ. ಮಾಸ್ಕು ಬೇಕು, ಗಾಳಿಯಾಡುವ ಕೋಣೆ ಬೇಕು. ಜಿಲ್ಲೆಗೊಂದು ಕೇಂದ್ರದಿಂದ ಎಲ್ಲ ಪಂಚಾಯತಿಗೆ ಸರಿಯಾದ ವಾರಕ್ಕೆ ಟ್ಯೂಬು ಮುಟ್ಟಿಸುವುದು ಆಗದ ಕೆಲಸ. ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಟುಂಬಶ್ರೀಯ ಒಂದೊಂದು ಘಟಕಕ್ಕೆ ತರಬೇತಿ ಕೊಟ್ಟು, ಡಿಸೆಂಬರಿನಿಂದ ಮೇ ತನಕ ಆರು ತಿಂಗಳ ಕೆಲಸ ಅಂತ ಪಂಚಾಯತಿಯೇ ದುಡ್ಡು ಕೊಟ್ಟರೆ ಆಗಬಹುದು. ಅಣಬೆ ಬೆಳೆಸುವುದಕ್ಕಿಂತ ಇದು ಹೆಚ್ಚೇನೂ ಕಷ್ಟವಲ್ಲ, ಮತ್ತು ಗಿರಾಕಿ ಖಚಿತ.

ಅಷ್ಟೆಲ್ಲ ಆಗುವ ತನಕ ಕೈಯಲ್ಲಿರುವುದು ಮಾಡಬಹುದು. ಡಿಸೆಂಬರಿನಲ್ಲಿ ಕಾಯಿ ತೆಗೆಯಲು ಜನ ಬಂದಾಗ ಒಂದೆರಡು ಮರದಿಂದ ಹಸಿರು ಇನ್ನೂ ಇರುವ ಹಳೆ ಮಡಲು ಒಂದೊಂದು ಕಡಿಸಿ, ಕೆಳಗೆ ಕೂತು ಗರಿ ಮಗುಚಿ. ಪ್ರತಿ ಕೊಯ್ಲಿಗೂ ಹೀಗೆ ಮಾಡಿದರೆ ಸಾಕು, ಬೇರೆ ಖರ್ಚಿಲ್ಲ. ಸುರಂಗ ಕಂಡರೆ ಕೃಷಿ ಭವನಕ್ಕೆ ಹೋಗುವಾಗ ಫೋಟೋ ಮಾತ್ರ ಒಯ್ಯಬೇಡಿ. ಹುಳು ಸಮೇತ ನಾಲ್ಕು ಗರಿಯನ್ನು ಕತ್ತರಿಸಿ ಪ್ಲಾಸ್ಟಿಕ್ ಕವರಿನಲ್ಲಿ ಬಾಯಿ ಕಟ್ಟಿ ಒಯ್ಯಿರಿ, ಅಧಿಕಾರಿಯ ಮೇಜಿನ ಮೇಲೇ ಒಂದು ಸುರಂಗ ಸೀಳಿ ತೋರಿಸಿ. ಒಳಗೆ ಇರುವುದು ಸಣ್ಣ ಮರಿಯಾದರೆ ಹೀಗೆ ಕೇಳಿ: "ಇನ್ನೆರಡು ವಾರಕ್ಕೆ ಗೋನಿಯೋಜಸ್ ಬೇಕು." ದೊಡ್ಡ ಹುಳು ಆದರೆ ನಾಳೆಯೇ ಬೇಕು ಅನ್ನಿ. ಕೋಶ ಇದ್ದರೆ ಬ್ರಾಕಿಮೇರಿಯ ಕೇಳಿ, ಅದು ಸಿಗದಿದ್ದರೆ ಅವರು ಕೊಡುವ ಗೋನಿಯೋಜಸ್ ಟ್ಯೂಬು ಈಗ ಬೇಡ ಅಂತ ಹೇಳಿ, ಮುಂದಿನ ತಿಂಗಳ ತಾರೀಖು ಹಾಕಿಸಿಕೊಂಡು ಬನ್ನಿ. ಬೀಗ ಹಾಕಿದ ಮನೆಯವರ ದುಬೈ ನಂಬ್ರ ಊರಲ್ಲಿ ಯಾರ ಹತ್ತಿರವಾದರೂ ಇರುತ್ತದೆ, ಅವರ ಇಪ್ಪತ್ತು ಮರಕ್ಕೂ ಸೇರಿಸಿಯೇ ಅರ್ಜಿ ಕೊಡಿ.